ಸ್ಟೂಲನ್ನು ಹೊರಗಿಟ್ಟ ಯಾಕಮ್ಮ

ನಮ್ಮ ಬೀದಿಯ ಕೊನೆಯಲ್ಲಿದ್ದ ಲಾಂಡ್ರಿಗೆ ದೊಡ್ಡದೊಂದು ಹೆಸರಿನ ಹಲಗೆ ಇತ್ತು. ಆದರೆ ಅದನ್ನು ಓದಿದವರು ಕಡಿಮೆ. ಹಿಂಬದಿಯ ಕೊಳವೆಯಿಂದ ಹಗಲೆಲ್ಲ ಬಿಳಿಯ ಆವಿ ಏಳುತ್ತಿತ್ತು. ಅದೇ ಅದರ ಗುರುತು. ಹೋಟೆಲುಗಳ ಚಾದರಗಳು, ಆಸ್ಪತ್ರೆಗಳ ಹೊದಿಕೆಗಳು, ದಿಂಬಿನ ಗವಸುಗಳು ಮೂಟೆಮೂಟೆಯಾಗಿ ಒಂದು ಬಾಗಿಲಿನಿಂದ ಒಳಹೋಗಿ, ಇನ್ನೊಂದು ಬಾಗಿಲಿನಿಂದ ಮಡಿಕೆಮಡಿಕೆಯಾಗಿ ಹೊರಬರುತ್ತಿದ್ದವು. ಈ ಎರಡು ಬಾಗಿಲುಗಳ ನಡುವೆ, ಚಾದರಗಳನ್ನು ಇಸ್ತ್ರಿ ಮಾಡುವ ದೊಡ್ಡ ರೋಲರಿನ ಮುಂದೆ ನಿಂತು ದುಡಿಯುತ್ತಿದ್ದವಳೇ ನಮ್ಮ ಗೋಡೆಯಾಚೆಯ ಮನೆಯವಳು.

ಅವಳನ್ನು ಬೀದಿಯವರೆಲ್ಲ ಯಾಕಮ್ಮ ಎಂದೇ ಕರೆಯುತ್ತಿದ್ದರು. ಎಲ್ಲದಕ್ಕೂ ‘ಯಾಕೆ’ ಎಂದು ಕೇಳುವುದು ಅವಳ ಸ್ವಭಾವ. ನಲ್ಲಿಯಲ್ಲಿ ನೀರು ನಿಂತರೆ ನಾವೆಲ್ಲ ಕೊಡ ಹಿಡಿದು ಪಕ್ಕದ ಬೀದಿಗೆ ಓಡುತ್ತಿದ್ದೆವು, ಅವಳು ಮಾತ್ರ ನೀರು ಬಿಡುವವನ ಮನೆಯ ಬಾಗಿಲಿಗೆ ಹೋಗಿ, “ಯಾಕಪ್ಪಾ ನಿಲ್ಸಿದೆ?” ಎಂದು ಕೇಳುತ್ತಿದ್ದಳು. ಅವಳ ಗಂಡ ಬಸ್ಸಿನ ಕಂಡಕ್ಟರ್, ತಮಾಷೆಯ ಮನುಷ್ಯ. “ನನ್ನ ಬಸ್ಸಿಗೆ ಇವಳೇನಾದ್ರೂ ಕೈ ತೋರ್ಸಿದ್ರೆ ನಾನು ರೈಟ್ ರೈಟ್ ಅಂದುಬಿಡ್ತೀನಿ ಟೀಚರಮ್ಮ. ಹತ್ತಿಸ್ಕೊಂಡ್ರೆ ಟಿಕೆಟ್ ಯಾಕೆ ಅಂತ ಕೇಳ್ತಾಳೆ” ಎಂದು ನನ್ನೆದುರೇ ನಗುತ್ತಿದ್ದ. ಅವಳು ಬಿಡುತ್ತಿದ್ದಳೇ? “ಚಿಲ್ಲರೆ ಇಲ್ಲ ಅಂತೀರಲ್ಲ, ಅದು ಯಾಕೆ ಅಂತಾನೂ ಕೇಳ್ತೀನಿ” ಎನ್ನುತ್ತಿದ್ದಳು.

ಇಂಥವಳ ಬಾಯಿಗೂ ಬೀಗ ಬೀಳುತ್ತಿದ್ದ ಕೋಣೆ ಒಂದಿತ್ತು. ಅದು ಲಾಂಡ್ರಿಯವರು ತಮ್ಮ ಕೆಲಸದವರಿಗೆಂದು ಗೊತ್ತುಮಾಡಿದ್ದ, ನಾವು ಬೀದಿಯವರೂ ಹೋಗುತ್ತಿದ್ದ ಡಾಕ್ಟರ ಕೋಣೆ.

ಆ ಕೋಣೆಯ ಪದ್ಧತಿಯನ್ನು ಮೊದಲು ಹೇಳಬೇಕು. ಲಾಂಡ್ರಿಯ ಹೆಂಗಸರಲ್ಲಿ ಯಾರಿಗೆ ಏನೇ ಆದರೂ ಮೇಸ್ತ್ರಿ ಜೊತೆಗೆ ಹೋಗಬೇಕು. ಡಾಕ್ಟರ ಮೇಜಿನ ಪಕ್ಕದಲ್ಲಿ ಒಂದು ಸ್ಟೂಲು; ಅದು ಮೇಸ್ತ್ರಿಯದು. ರೋಗಿ ನಿಂತಿರುತ್ತಾಳೆ, ಮೇಸ್ತ್ರಿ ಕುಳಿತಿರುತ್ತಾನೆ. ಡಾಕ್ಟರು ಕೇಳುತ್ತಾರೆ, ಮೇಸ್ತ್ರಿ ಉತ್ತರಿಸುತ್ತಾನೆ. ಇದನ್ನು ಶುರುಮಾಡಿದವನು ಹಿಂದಿನ ಮೇಸ್ತ್ರಿ. ಅವನು ವಯಸ್ಸಾದವನು, ಒಳ್ಳೆಯವನು. ಡಾಕ್ಟರ ಮುಂದೆ ಬಾಯಿ ಬಿಡಲು ಹೆದರುವ ಹೆಂಗಸರಿಗೆ ನೆರವಾಗಲೆಂದು ಹೋಗುತ್ತಿದ್ದ. ಅವನು ಹೋದ ಮೇಲೆ ಸ್ಟೂಲು ಉಳಿಯಿತು, ಒಳ್ಳೆಯತನ ಉಳಿಯಲಿಲ್ಲ. ಹೊಸ ಮೇಸ್ತ್ರಿ ಅಲ್ಲಿ ಕೇಳಿದ್ದನ್ನೆಲ್ಲ ಹೊತ್ತುಕೊಂಡು ಹೋಗಿ ಮಾಲೀಕನ ಕೋಣೆಯಲ್ಲಿ ಇಳಿಸುತ್ತಿದ್ದ.

ಹಾಗೆ ಇಳಿಸಿದರೆ ಏನಾಗುತ್ತಿತ್ತೆಂಬುದು ಎಲ್ಲರಿಗೂ ಗೊತ್ತಿತ್ತು. ಹಿಂದೊಮ್ಮೆ ಒಬ್ಬಾಕೆ ರೋಲರಿನ ಕಾವಿಗೆ ತಲೆಸುತ್ತಿ ಬಿದ್ದಿದ್ದಳು. ಪುಣ್ಯಕ್ಕೆ ಹಿಂದಕ್ಕೆ ಬಿದ್ದಳು. ಮುಂದಕ್ಕೆ ಬಿದ್ದಿದ್ದರೆ ಕೈಯೇ ಉಳಿಯುತ್ತಿರಲಿಲ್ಲ. ಅಂದಿನಿಂದ ಬಿ.ಪಿ. ಇರುವವರು, ಉಬ್ಬಸ ಇರುವವರು, ಹೊಟ್ಟೆಯ ಕಾಯಿಲೆಯವರು ಯಾರೂ ರೋಲರಿನ ಮುಂದೆ ನಿಲ್ಲಕೂಡದೆಂದು ಮಾಲೀಕ ಅಪ್ಪಣೆ ಮಾಡಿದ. ಅಂಥವರೆಲ್ಲ ಕೊಳೆಕೋಣೆಗೆ. ಆಸ್ಪತ್ರೆಯಿಂದ ಬಂದ ಬಟ್ಟೆಯ ಮೂಟೆ ಬಿಚ್ಚಿ, ರಕ್ತದ ಕಲೆ ಯಾವುದು, ಔಷಧಿಯ ಕಲೆ ಯಾವುದು ಎಂದು ಬೇರೆಮಾಡುವ ಕೋಣೆ ಅದು. ಕೂಲಿಯೂ ಕಡಿಮೆ, ನಾತವೂ ಸಾಕಷ್ಟು. ಹೀಗಾಗಿ ರೋಲರಿನ ಕೋಣೆಯಲ್ಲಿ ಕಾಯಿಲೆಯವರು ಯಾರೂ ಇರಲಿಲ್ಲ. ಎಂದರೆ, ಬಾಯಿ ಬಿಟ್ಟು ಹೇಳಿದವರು ಯಾರೂ ಇರಲಿಲ್ಲ.

ಯಾಕಮ್ಮನಿಗೆ ಬಿ.ಪಿ. ಇತ್ತು. ಮಾತ್ರೆಗಳು ಯಾರಿಗೂ ಕಾಣದಂತೆ ಅಂಗಿಯ ಗುಂಡಿಗಳನ್ನು ಹಾಕಿಡುವ ಡಬ್ಬಿಯಲ್ಲಿರುತ್ತಿದ್ದವು. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿತ್ತು.

ರೋಲರಿನ ಕೆಲಸ ನೋಡಿದವರಿಗೆ ಅದು ಹೇಗೆ ಬಂತೆಂದು ಗೊತ್ತಾಗುತ್ತದೆ. ಒದ್ದೆ ಚಾದರದ ಒಂದು ತುದಿಯನ್ನು ಒಬ್ಬಳು, ಇನ್ನೊಂದು ತುದಿಯನ್ನು ಮತ್ತೊಬ್ಬಳು ಹಿಡಿದು, ಕೈಗಳನ್ನು ಭುಜದ ಮಟ್ಟಕ್ಕೆತ್ತಿ, ಪಟ್ಟೆಂದು ಕೊಡವಿ, ಸುಕ್ಕು ಬೀಳದ ಹಾಗೆ ಉರುಳೆಯ ಬಾಯಿಗೆ ಕೊಡಬೇಕು. ಯಾಕಮ್ಮನ ಎದುರು ತುದಿ ಹಿಡಿಯುತ್ತಿದ್ದವಳು ಅವಳ ನಾದಿನಿ, ಕಂಡಕ್ಟರನ ತಂಗಿ. ಅತ್ತಿಗೆ ನಾದಿನಿಯರು ಮನೆಯಲ್ಲಿ ಜಗಳವಾಡಿ ಮಾತು ಬಿಟ್ಟ ದಿನವೂ ಅಲ್ಲಿ ಚಾದರ ಒಂದೇ ತಾಳಕ್ಕೆ ಕೊಡವಿಕೊಳ್ಳುತ್ತಿತ್ತು. ಹೀಗೆ ವರ್ಷಗಟ್ಟಲೆ ಕೊಡವಿ ಕೊಡವಿ ಯಾಕಮ್ಮನ ಬಲಭುಜ ಸವೆಯಿತು. ಆಗ ಅವಳು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗತೊಡಗಿದಳು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಲೋಟ ಟೀ, ಒಂದು ಮಾತ್ರೆ. ನೋವು ಹೆಚ್ಚಾದರೆ ಇನ್ನೊಂದು. ಒಂದು ದಿನ ಬಚ್ಚಲಲ್ಲಿ ವಾಂತಿಯಾಯಿತು, ಕಾಫಿಯ ಗಸಿಯ ಹಾಗೆ. ಮಲವೂ ಡಾಂಬರಿನಂತೆ ಕಪ್ಪಗಿತ್ತು. ಊರಿನ ಆಚೆ ಬದಿಯ ದೊಡ್ಡಾಸ್ಪತ್ರೆಗೆ ಹೊತ್ತುಕೊಂಡು ಹೋದರು. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತಿತ್ತು. ಬದುಕಿದ್ದೇ ಹೆಚ್ಚು. ಲಾಂಡ್ರಿಗೆ ಮಾತ್ರ ‘ಅಕ್ಕನಿಗೆ ಹುಷಾರಿಲ್ಲ, ನೋಡಿಕೊಳ್ಳಲು ಹೋಗಿದ್ದಾಳೆ’ ಎಂದು ಹೇಳಿಕಳಿಸಿದರು.

ದೊಡ್ಡಾಸ್ಪತ್ರೆಯ ನರ್ಸೊಬ್ಬಳು ಮನೆಗೆ ಕಳಿಸುವಾಗ ಅವಳ ಗಲ್ಲ ಹಿಡಿದು ಹೇಳಿದ್ದಳಂತೆ: “ನೋಡಮ್ಮ, ಇನ್ಮೇಲೆ ಯಾರೇ ನೋವಿನ ಮಾತ್ರೆ ಕೊಟ್ರೂ, ಅದನ್ನ ನುಂಗೋಕೆ ಬಾಯಿ ತೆರೆಯೋದಕ್ಕಿಂತ ಮುಂಚೆ ಈ ವಿಷಯ ಹೇಳೋಕೆ ಬಾಯಿ ತೆರೀಬೇಕು. ಮರೆತ್ರೆ ಮತ್ತೆ ಇಲ್ಲಿಗೇ ಬರ್ತೀಯ. ಬಂದ್ರೆ ವಾಪಸ್ ಹೋಗ್ತೀಯೋ ಇಲ್ವೋ ನಾನು ಹೇಳಲಾರೆ.”

ಆಮೇಲೆ ಬಹಳ ಕಾಲ ಅವಳು ಮಾತ್ರೆಯ ಕಡೆ ತಿರುಗಿ ನೋಡಲಿಲ್ಲ; ಮುಲಾಮು ಹಚ್ಚಿಕೊಂಡೇ ದಿನ ದೂಡಿದಳು. ಆದರೆ ಭುಜ ಎಷ್ಟು ದಿನ ಕೇಳೀತು? ಒಂದು ಬೆಳಿಗ್ಗೆ ಚಾದರ ಕೊಡವಲು ಎತ್ತಿದ ಕೈ ಅರ್ಧಕ್ಕೇ ನಿಂತುಬಿಟ್ಟಿತು. ತುದಿ ಜಾರಿ, ಚಾದರ ಮುದ್ದೆಯಾಗಿ ಉರುಳೆಗೆ ಸಿಕ್ಕಿಕೊಂಡು ಇಡೀ ಯಂತ್ರ ನಿಂತಿತು. ಮೇಸ್ತ್ರಿ ಓಡಿಬಂದ. ಅಂದೇ ಡಾಕ್ಟರ ಬಳಿ ಕರೆದುಕೊಂಡು ಹೋದ.

ಅಂದು ನಡೆದದ್ದನ್ನು ಅವಳು ಸಂಜೆ ನಮ್ಮ ಅಂಗಳದಲ್ಲಿ ಕುಳಿತು ಹೇಳಿದಳು. ಡಾಕ್ಟರಿಗೆ ತಲೆಯೆತ್ತದೆ ಬರೆಯುತ್ತಲೇ ಕೇಳುವ ಅಭ್ಯಾಸ.

“ಹೊಟ್ಟೆಯಲ್ಲಿ ಹುಣ್ಣು, ಉರಿ ಏನಾದ್ರೂ ಇತ್ತಾ?”

“ಇಲ್ಲ ಡಾಕ್ಟ್ರೇ” ಎಂದ ಮೇಸ್ತ್ರಿ.

“ಬಿ.ಪಿ.? ಕಿಡ್ನಿ ತೊಂದರೆ? ಉಬ್ಬಸ?”

“ಅಯ್ಯೋ, ಎಲ್ಲಿಯ ಬಿ.ಪಿ.! ಗುಂಡುಕಲ್ಲಿನ ಹಾಗಿದ್ದಾಳೆ. ಬೇಗ ಕೆಲಸಕ್ಕೆ ಬರೋ ಹಾಗೆ ಗಟ್ಟಿ ಮಾತ್ರೆ ಬರೀರಿ.”

“ಬೇರೆ ಯಾವುದಾದ್ರೂ ಮಾತ್ರೆ ತಗೊಳ್ತಿದ್ದಾಳಾ?”

“ಇವಳಾ? ತಲೆನೋವಿಗೂ ತಗೊಂಡವಳಲ್ಲ.”

ಯಾಕಮ್ಮ ಗೋಡೆಯ ಮೇಲಿನ ಗಡಿಯಾರ ನೋಡುತ್ತ ನಿಂತಿದ್ದಳಂತೆ. ಡಾಕ್ಟರು ಊತ ಇಳಿಸುವ ಜೋರಾದ ನೋವಿನ ಮಾತ್ರೆ ಬರೆದುಕೊಟ್ಟರು. ಮೇಸ್ತ್ರಿಯೇ ಅಂಗಡಿಯಿಂದ ಕೊಡಿಸಿ, “ಎರಡು ದಿನದಲ್ಲಿ ರೋಲರಿನ ಮುಂದೆ ಇರ್ಬೇಕು” ಎಂದು ಹೇಳಿ ಕಳಿಸಿದ್ದ.

ಮಾತ್ರೆಯ ಹಾಳೆಯನ್ನು ಅವಳು ಅಂಗಳದ ಕಲ್ಲಿನ ಮೇಲಿಟ್ಟು, ಹಾವನ್ನು ನೋಡುವ ಹಾಗೆ ನೋಡುತ್ತಿದ್ದಳು. ಕೆಲಸ ಮುಗಿಸಿ ಬಂದ ಗಂಡ ಚೀಲ ಕೆಳಗಿಟ್ಟು ಕೇಳಿದ: “ಏನೇ, ಇನ್ನೂ ನುಂಗಿಲ್ವಾ? ಡಾಕ್ಟ್ರೇ ಕೊಟ್ಟಿದ್ದಲ್ವಾ?”

“ಡಾಕ್ಟ್ರು ಕೊಟ್ಟಿದ್ದು ಮೇಸ್ತ್ರಿ ಹೇಳಿದ ಹೆಂಗಸಿಗೆ. ಗುಂಡುಕಲ್ಲಿಗೆ. ನನಗಲ್ಲ.”

“ಹಾಗಾದ್ರೆ ಊಟ ಆದ್ಮೇಲೆ ತಗೋ. ಹೊಟ್ಟೆ ತುಂಬಿದ್ರೆ ಏನೂ ಆಗಲ್ವಂತೆ.”

“ಅಂತೆ ಅಂತೆ! ರಕ್ತ ಕಾರಿದವಳು ನಾನು. ಬಚ್ಚಲು ತೊಳೆದವರು ನೀವು. ಅಷ್ಟು ಬೇಗ ಮರೆತ್ರಾ?”

ಅವನು ಮಾತ್ರೆಯ ಹಾಳೆಯನ್ನು ಕಲ್ಲಿನ ಅಂಚಿಗೆ ಸರಿಸಿದ. ಮರೆತಿರಲಿಲ್ಲ, ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಅಲ್ಲೇ ಕುಳಿತಿದ್ದ ನಾದಿನಿಯ ಬಳಿ ಬೇರೊಂದು ಉಪಾಯವಿತ್ತು. “ಅತ್ತಿಗೆ, ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀರಾ? ಮಾತ್ರೆ ಚರಂಡಿಗೆ ಹಾಕಿ, ತಗೊಂಡೆ ಅಂತ ಹೇಳಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ನಾವೆಲ್ಲ ಮಾಡೋದು ಅದೇ ಅಲ್ವಾ?”

“ಹಾವು ಸಾಯಲ್ಲ ಸರಿ. ನನ್ನ ಭುಜ?” ಎಂದಳು ಯಾಕಮ್ಮ. “ನೋವು ಹಾಗೇ ಇರುತ್ತೆ. ನಾಡಿದ್ದು ಮತ್ತೆ ಚಾದರ ಬಿಡ್ತೀನಿ. ಮತ್ತೆ ಆ ಸ್ಟೂಲು, ಮತ್ತೆ ಆ ಗಡಿಯಾರ. ಇನ್ನೂ ಗಟ್ಟಿ ಮಾತ್ರೆ. ಅದನ್ನೂ ಚರಂಡಿಗೆ ಹಾಕ್ಲಾ? ಚರಂಡಿಗೆ ಭುಜನೋವು ಇಲ್ವಲ್ಲೇ!”

ನಾದಿನಿಗೆ ನಗು ಬಂತು, ಆದರೆ ಪೂರ್ತಿ ನಗಲಿಲ್ಲ. “ನಿಜ ಹೇಳಿದ್ರೆ ಕೊಳೆಕೋಣೆ, ಅತ್ತಿಗೆ” ಎಂದಳು ಮೆಲ್ಲಗೆ.

“ಹೇಳದೇ ಇದ್ರೆ ಮಣ್ಣು” ಎಂದು ಯಾಕಮ್ಮ ಎದ್ದು ನಿಂತಳು. ನನ್ನ ಕಡೆ ತಿರುಗಿ, “ನೀವು ನಾಳೆ ಮೊಣಕಾಲು ತೋರ್ಸೋಕೆ ಅಲ್ಲಿಗೇ ಹೋಗ್ತೀರಲ್ವಾ ಟೀಚರಮ್ಮ? ಬೆಂಚಿನ ಮೇಲೆ ನನಗೂ ಸ್ವಲ್ಪ ಜಾಗ ಇಟ್ಟಿರಿ” ಎಂದಳು.

ಹೀಗಾಗಿ ಮರುದಿನದ್ದನ್ನು ನಾನು ಕಣ್ಣಾರೆ ನೋಡಿದೆ. ಅವಳು ಬಂದಾಗ ಹಿಂದೆಯೇ ಮೇಸ್ತ್ರಿಯೂ ಇದ್ದ. ದಾರಿಯುದ್ದಕ್ಕೂ ವಾದ ನಡೆದಿತ್ತೆಂದು ಕಾಣುತ್ತದೆ.

“ಮಾತ್ರೆ ತಗೊಂಡಿಲ್ಲ ಅಂದ್ರೆ ಏನರ್ಥ? ಯಾಕೆ ತಗೊಂಡಿಲ್ಲ?”

“ಈಗ ಯಾಕೆ ಅಂತ ಕೇಳೋ ಕೆಲಸ ನೀವು ಹಿಡಿದ್ರಾ ಮೇಸ್ತ್ರಿಗಳೇ? ಒಳಗೆ ಹೇಳ್ತೀನಿ, ಬನ್ನಿ.”

ಡಾಕ್ಟರ ಕೋಣೆಗೆ ಬಾಗಿಲಿರಲಿಲ್ಲ, ಪರದೆಯಿತ್ತು. ಪರದೆ ಅರ್ಧ ಸರಿದಿತ್ತು. ಮೇಸ್ತ್ರಿ ಒಳಹೋದವನೇ ಎಂದಿನಂತೆ ಸ್ಟೂಲಿನ ಮೇಲೆ ಕುಳಿತ. ಯಾಕಮ್ಮ ಮೇಜಿನ ಮೇಲೆ ಮಾತ್ರೆಯ ಹಾಳೆಯನ್ನಿಟ್ಟಳು. ಒಂದು ಮಾತ್ರೆಯೂ ಖರ್ಚಾಗಿರಲಿಲ್ಲ.

“ಡಾಕ್ಟ್ರೇ, ನಿನ್ನೆ ನೀವು ಕೇಳಿದ್ರಲ್ಲ, ಅದನ್ನೆಲ್ಲ ಇನ್ನೊಂದ್ಸಲ ಕೇಳಿ. ಉತ್ತರ ನಾನು ಹೇಳ್ತೀನಿ. ಅದಕ್ಕೆ ಮುಂಚೆ ಇವರು ಹೊರಗೆ ಹೋಗ್ಬೇಕು.”

ಮೇಸ್ತ್ರಿ ನಕ್ಕ. “ಏನಮ್ಮ ಇದು ಹೊಸ ವರಸೆ? ನಾನು ಲಾಂಡ್ರಿ ಕಡೆಯಿಂದ ಬಂದಿರೋನು. ಪದ್ಧತಿ ಇದು.”

“ಪದ್ಧತಿ ನಿಮ್ಮದು, ಹೊಟ್ಟೆ ನನ್ನದು. ಹೊರಗೆ ಹೋಗಿ.”

“ಹೋಗ್ದಿದ್ರೆ?”

“ಹೋಗ್ದಿದ್ರೆ ಸ್ಟೂಲ್ ಹೋಗುತ್ತೆ. ನೀವು ಅದರ ಮೇಲಿರ್ತೀರೋ ನೆಲದ ಮೇಲಿರ್ತೀರೋ, ನಿಮ್ಮಿಷ್ಟ.”

ಬಲಗೈ ಎತ್ತಲಾಗದ ಹೆಂಗಸು ಎಡಗೈಯಿಂದ ಸ್ಟೂಲಿನ ಕಾಲು ಹಿಡಿದು ಎಳೆದೇಬಿಟ್ಟಳು! ಒದ್ದೆ ಚಾದರ ಎಳೆದ ಕೈ ಅದು. ಸ್ಟೂಲು ಕಿರ್ರೆಂದು ಜರುಗಿತು. ಮೇಸ್ತ್ರಿ ಗಾಬರಿಯಿಂದ ಮೇಜು ಹಿಡಿದುಕೊಂಡು ಎದ್ದ. ಅವಳು ಸ್ಟೂಲನ್ನು ಎಳೆಯುತ್ತ ಬಂದು ಪರದೆಯ ಹೊರಗೆ, ನಮ್ಮ ಬೆಂಚಿನ ಪಕ್ಕದಲ್ಲಿಟ್ಟು, “ಬನ್ನಿ, ಟೀಚರಮ್ಮನ ಜೊತೆ ಕೂತ್ಕೊಳ್ಳಿ. ಒಳ್ಳೇ ಮಾತು ಕಲೀಬಹುದು” ಎಂದಳು. ಕಾಯುತ್ತ ಕುಳಿತವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದರು.

“ನೋಡಿದ್ರಾ ಡಾಕ್ಟ್ರೇ? ಏನಾದ್ರೂ ಹೇಳಿ ಇವಳಿಗೆ!” ಎಂದ ಮೇಸ್ತ್ರಿ.

ಡಾಕ್ಟರು ಲೇಖನಿ ಕೆಳಗಿಟ್ಟಿದ್ದರು. ಮಾತ್ರೆಯ ಹಾಳೆಯನ್ನು ಒಮ್ಮೆ, ಅವಳನ್ನು ಒಮ್ಮೆ ನೋಡಿದರು. ಮುಖ ನೋಡಿ ರೋಗಿಯನ್ನು ಮಾತಾಡಿಸುವುದು ಅವರಿಗೇ ಹೊಸದೆನಿಸಿರಬೇಕು. “ಮೇಸ್ತ್ರಿ, ಹೊರಗಿರಿ. ಪರದೆ ಎಳೀರಿ” ಎಂದರು.

ಪರದೆ ಎಳೆದರೂ ಮಾತು ಕೇಳಿಸುತ್ತಿತ್ತು. ಅದು ಅವಳಿಗೂ ಗೊತ್ತು; ಆದ್ದರಿಂದ ಪಿಸುಗುಟ್ಟಿದಳು. ಅವಳು ಏನು ಹೇಳಿದಳೆಂಬುದು ನಮಗೆ ತಿಳಿಯಲಿಲ್ಲ. ಡಾಕ್ಟರು “ರಕ್ತವಾ?” ಎಂದು ಉದ್ಗರಿಸಿದ್ದು ಮಾತ್ರ ಕೇಳಿತು. ಆಮೇಲೆ ಅವರ ಧ್ವನಿಯೂ ತಗ್ಗಿತು. ಒಳಗೆ ಬಹಳ ಹೊತ್ತು ಹಿಡಿಯಿತು. ಮೇಸ್ತ್ರಿ ಕಿವಿ ನಿಮಿರಿಸಿದಾಗಲೆಲ್ಲ ನಾನು ನನ್ನ ಮೊಣಕಾಲಿನ ಕಥೆಯನ್ನು ಅವನಿಗೆ ಸ್ವಲ್ಪ ಗಟ್ಟಿಯಾಗಿ, ವಿವರವಾಗಿ ಹೇಳಿದೆ.

ಒಳಗಿನ ಮಾತನ್ನು ಯಾಕಮ್ಮ ಆಮೇಲೆ ತಿಳಿಸಿದಳು. ಹುಣ್ಣಿನ ಸಂಗತಿ ಕೇಳಿ ಡಾಕ್ಟರು ಮಾತ್ರೆಯ ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡು ಡ್ರಾಯರಿಗೆ ಹಾಕಿದರಂತೆ. “ಒಮ್ಮೆ ಹೊಟ್ಟೆಯಲ್ಲಿ ರಕ್ತ ಸೋರಿದವರಿಗೆ ಈ ಜಾತಿಯ ಮಾತ್ರೆ ಮತ್ತೆ ಸೋರಿಸಬಹುದು. ಬಿ.ಪಿ.ಯನ್ನೂ ಏರಿಸುತ್ತೆ, ಬಿ.ಪಿ. ಮಾತ್ರೆಯ ಜೊತೆ ಸೇರಿದ್ರೆ ಕಿಡ್ನಿಗೂ ಕಷ್ಟ. ನಿನ್ನೆ ಇದನ್ನ ಹೇಳ್ಬೇಕಿತ್ತಮ್ಮ” ಎಂದರಂತೆ. “ನಿನ್ನೆ ನೀವು ನನ್ನನ್ನ ಕೇಳ್ಲಿಲ್ಲ ಡಾಕ್ಟ್ರೇ, ಸ್ಟೂಲನ್ನ ಕೇಳಿದ್ರಿ” ಎಂದು ಇವಳು. ಅವರು ಒಪ್ಪಿಕೊಂಡರು. ಮತ್ತೆ ಮೊದಲಿನಿಂದ ಎಲ್ಲವನ್ನೂ ವಿಚಾರಿಸಿದರು: ಎದೆನೋವು ಬಂದಿತ್ತೇ, ಕಾಲು ಊದಿಕೊಳ್ಳುತ್ತದೆಯೇ, ಯಾವುದಾದರೂ ಮಾತ್ರೆ ನುಂಗಿದಾಗ ಮೈಯಲ್ಲಿ ದದ್ದು ಎದ್ದಿತ್ತೇ, ಉಸಿರು ಕಟ್ಟಿತ್ತೇ, ರಕ್ತ ತೆಳುವಾಗಿಸುವ ಔಷಧಿ ಇದೆಯೇ, ನೆಗಡಿಗೆಂದೋ ತಲೆನೋವಿಗೆಂದೋ ಅಂಗಡಿಯಿಂದ ತರುವ ಮಾತ್ರೆ ಯಾವುದು. ಅದರಲ್ಲಿಯೂ ಇದೇ ಔಷಧಿ ಬೇರೆ ಹೆಸರಿನಲ್ಲಿ ಇರಬಹುದಂತೆ. ಎರಡೂ ಸೇರಿದರೆ ಅಪಾಯ. ಬಿ.ಪಿ. ನೋಡಿದರು, ರಕ್ತ ಪರೀಕ್ಷೆಗೆ ಬರೆದರು. ನೋವಿಗೆ ಬೇರೆ ಬಗೆಯ ಮಾತ್ರೆ, ಅದೂ ಅಳತೆ ಮೀರದಂತೆ. ಭುಜಕ್ಕೆ ವ್ಯಾಯಾಮ ಹೇಳಿಕೊಡುವವರ ವಿಳಾಸ ಕೊಟ್ಟರು. ಮಲ ಕಪ್ಪಗಾದರೆ, ಹೊಟ್ಟೆ ಹಿಂಡಿದರೆ ತಡಮಾಡದೆ ದೊಡ್ಡಾಸ್ಪತ್ರೆಗೆ ಹೋಗಬೇಕೆಂದು ಎಚ್ಚರಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ಕೈಯನ್ನು ಭುಜದ ಮಟ್ಟಕ್ಕೆತ್ತುವ ಕೆಲಸ ಸದ್ಯಕ್ಕೆ ಕೂಡದು.

ಎಂದರೆ ರೋಲರು ಕೂಡದು. ಅವಳು ಹೆದರಿದ್ದು ಅದಕ್ಕೇ. ಕೊನೆಗೆ ಭುಜವೇ ಅದನ್ನು ಕಿತ್ತುಕೊಂಡಿತು.

ಡಾಕ್ಟರು ತಾವೇ ಎದ್ದು ಬಂದು ಪರದೆ ಸರಿಸಿದರು. “ಭುಜಕ್ಕೆ ವಿಶ್ರಾಂತಿ ಬೇಕು. ರೋಲರ್ ಬೇಡ” ಎಂದರು ಮೇಸ್ತ್ರಿಗೆ.

“ಮತ್ತೆ ಒಳಗೆ ಅಷ್ಟು ಹೊತ್ತು ಏನು ಹೇಳಿದ್ಲು?”

“ಅದು ನಿಮಗೆ ಬೇಡ.”

ಮಾಲೀಕನಿಗೆ ಸಿಟ್ಟು ಬಂದದ್ದು ಭುಜದ ಮಾತಿಗಲ್ಲ, ಸ್ಟೂಲು ಎಳೆದದ್ದಕ್ಕೆ. ಯಾಕಮ್ಮನನ್ನು ಕೊಳೆಕೋಣೆಗೆ ಹಾಕಿದ. ಕೆಲವು ವಾರಗಳಲ್ಲಿ ಭುಜ ಸಡಿಲವಾಗತೊಡಗಿದಾಗ ತನ್ನ ಕೋಣೆಗೆ ಕರೆಸಿದ. ಮೇಸ್ತ್ರಿಯ ಕ್ಷಮೆ ಕೇಳಿದರೆ, ಇನ್ನು ಮುಂದೆ ಪದ್ಧತಿಯಂತೆ ನಡೆದುಕೊಂಡರೆ, ಡಾಕ್ಟರು ಒಪ್ಪಿದ ದಿನ ರೋಲರು ಅವಳಿಗೇ ಎಂದ.

“ಕ್ಷಮೆ ಕೇಳೋಕೆ ತೊಂದರೆ ಇಲ್ಲ ಸ್ವಾಮಿ. ಸ್ಟೂಲ್ ಎಳೆದೆ, ತಪ್ಪು. ಅವರು ಬಿದ್ದಿದ್ರೆ ಸೊಂಟ ಮುರೀತಿತ್ತು” ಎಂದಳಂತೆ ಇವಳು. “ಆದ್ರೆ ಆ ಕೋಣೆಗೆ ಅವರು ಬರೋದಾದ್ರೆ ಮತ್ತೆ ಎಳೀತೀನಿ. ಸುಳ್ಳು ಹೇಳಿ ರೋಲರ್ ಮುಂದೆ ನಿಂತು ಸಾಯೋದಕ್ಕಿಂತ ನಾತದಲ್ಲಿ ಕೂತು ಬದುಕೋದು ವಾಸಿ.”

“ಹಾಗಾದ್ರೆ ಅಲ್ಲೇ ಇರು.”

“ಇರ್ತೀನಿ.”

ಗಂಡ ಅಂದು ರಾಗ ಎಳೆದ: “ಸ್ವಲ್ಪ ಬಗ್ಗಿದ್ರೆ ಏನಾಗ್ತಿತ್ತೇ?” ಅವಳು, “ಬಗ್ಗಿದ್ರೆ ಹೊಟ್ಟೆ ಹಿಂಡುತ್ತೆ ರೀ” ಎಂದು, ಬಿ.ಪಿ. ಮಾತ್ರೆಯನ್ನು ಗುಂಡಿಯ ಡಬ್ಬಿಯಿಂದ ತೆಗೆದು ಕಿಟಕಿಯ ಮೇಲೆ, ಬೀದಿಗೆ ಕಾಣುವಂತೆ ಇಟ್ಟಳು.

ರೋಲರಿನ ಕೋಣೆಯಲ್ಲಿ ಇದು ಬೇರೆ ರೀತಿ ಕೆಲಸ ಮಾಡಿತು. ಮೊದಲು ನಾದಿನಿ. ಅವಳಿಗೆ ಉಬ್ಬಸವಿತ್ತು, ಒಮ್ಮೆ ಯಾರೋ ಕೊಟ್ಟ ನೋವಿನ ಮಾತ್ರೆ ನುಂಗಿ ಉಸಿರು ಸಿಕ್ಕಿಕೊಂಡಿದ್ದನ್ನು ಅತ್ತಿಗೆಗೂ ಹೇಳದೆ ಬಚ್ಚಿಟ್ಟಿದ್ದಳು. ಮಣಿಕಟ್ಟು ಊದಿಕೊಂಡು ಡಾಕ್ಟರ ಬಳಿ ಹೋದವಳು ಪರದೆಯ ಬಳಿ ನಿಂತು, “ಮೇಸ್ತ್ರಿಗಳೇ, ನೀವು ಹೊರಗೇ ಇರಿ. ನನಗೆ ಅತ್ತಿಗೆಯಷ್ಟು ಶಕ್ತಿ ಇಲ್ಲ, ಸ್ಟೂಲ್ ಎಳೆಯೋ ಕಷ್ಟ ಕೊಡ್ಬೇಡಿ” ಎಂದಳಂತೆ. ಅವಳನ್ನೂ ಕೊಳೆಕೋಣೆಗೆ ಹಾಕಿದರು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ಎಲ್ಲರನ್ನೂ ಕೊಳೆಕೋಣೆಗೆ ಹಾಕಿದರೆ ರೋಲರು ಉರುಳಿಸುವವರು ಯಾರು? ಮಾಲೀಕ ಲೆಕ್ಕ ಹಾಕಿರಬೇಕು. ಗಾಳಿಗೆ ದೊಡ್ಡ ಫ್ಯಾನು ಹಾಕಿಸಿದ; ಬಿ.ಪಿ. ಹತೋಟಿಯಲ್ಲಿರುವವರು ಸರದಿಯಂತೆ ನಿಲ್ಲಬಹುದೆಂದ. ನಾದಿನಿ ಮಡಿಸುವ ಮೇಜಿಗೆ ಬಂದಳು. ಯಾಕಮ್ಮನನ್ನು ಮಾತ್ರ ಅವನು ಹಿಂದಕ್ಕೆ ಕರೆಯಲಿಲ್ಲ. ಅವಳೂ ಕೇಳಲಿಲ್ಲ.

ಕಳೆದ ತಿಂಗಳು ನಾನು ಮೊಣಕಾಲಿಗೆಂದು ಹೋದಾಗ ಬೆಂಚಿನ ತುಂಬ ಲಾಂಡ್ರಿಯ ಹೆಂಗಸರು. ಮೇಸ್ತ್ರಿ ಹೊರಗಿನ ಮೆಟ್ಟಿಲ ಮೇಲೆ ಕುಳಿತು ಟೀ ಕುಡಿಯುತ್ತಿದ್ದ. ಒಳಗೆ ಯಾಕಮ್ಮನಿದ್ದಳು. ಈ ಬಾರಿ ಹಲ್ಲಿಗೆ ಏನೋ ಆಗಿ, ನೋವಿಗೆ ಮಾತ್ರೆ ಬೇಕಾಗಿತ್ತು. ಡಾಕ್ಟರು ಬರೆಯುವ ಮುನ್ನ ತಲೆಯೆತ್ತಿ ಕೇಳುತ್ತಿದ್ದರು.

“ಹುಣ್ಣು ಇತ್ತಲ್ವಾ?”

“ಇತ್ತು. ರಕ್ತ ಕಾರಿದ್ದೆ” ಎಂದಳು ಅವಳು. ಆ ಧ್ವನಿ ಮೆಟ್ಟಿಲವರೆಗೂ ಕೇಳಿಸಿತು.

“ಬಿ.ಪಿ. ಮಾತ್ರೆ ತಪ್ಪಿಸಿಲ್ವಲ್ಲ?”

“ಇಲ್ಲ. ದಿನಾ ತಗೊಳ್ತೀನಿ, ಬಿ.ಪಿ. ಮಾತ್ರೆ!”

“ಸ್ವಲ್ಪ ಮೆಲ್ಲಗೆ ಹೇಳಮ್ಮ, ಹೊರಗೆಲ್ಲ ಕೇಳ್ಸುತ್ತೆ.”

“ಕೇಳ್ಲಿ ಬಿಡಿ ಡಾಕ್ಟ್ರೇ” ಎಂದಳು ಯಾಕಮ್ಮ. “ಮುಂದಿಂದು ಕೇಳಿ.”